ಸುರಪುರದ ಟೇಲರ್ ಸಾಹೇಬ

ಯಾದಗಿರಿಯಿಂದ ಹೊರಟು ಭೀಮಾನದಿಯನ್ನು ದಾಟಿ, ಶಹಾಪುರದ ಕಲ್ಲುಬೆಟ್ಟಗಳನ್ನು ಹಿಂದಿಕ್ಕಿ ನೈಋತ್ಯ ದಿಕ್ಕಿಗೆ ಸಾಗಿದರೆ ಸುರಪುರ ಎದುರಾಗುತ್ತದೆ. ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಈ ನಾಡು ಒಂದು ಕಾಲದಲ್ಲಿ ಬೇಡ ನಾಯಕರ ಸಂಸ್ಥಾನವಾಗಿತ್ತು. ಮೊಗಲ ಚಕ್ರವರ್ತಿ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ, 1705ರಲ್ಲಿ, ಸ್ವತಃ ಸೈನ್ಯದೊಡನೆ ಬಂದು ಮುತ್ತಿಗೆ ಹಾಕಿದ ವಾಗಣಗೇರಿ ಕೋಟೆಯೂ ಈ ನಾಯಕರದೇ. ಸುರಪುರದ ಬೆಟ್ಟದ ಮೇಲೆ, ಊರೆಲ್ಲ ಕಾಣುವಂತಹ ನೆಲೆಯಲ್ಲಿ, ಒಂದು ಹಳೆಯ ಬಂಗಲೆ ಇದೆ. ಜನರು ಅದನ್ನು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಏಳು ಸಮುದ್ರಗಳಾಚೆ ಹುಟ್ಟಿದ ಒಬ್ಬ ಆಂಗ್ಲನ ಹೆಸರು ಬಿಸಿಲು ನಾಡಿನ ಈ ಬೆಟ್ಟದ ನೆತ್ತಿಗೆ ಹೇಗೆ ಬಂದಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಸಾಲ, ಬಡ್ಡಿ, ದಿವಾಳಿಗಳ ದೀರ್ಘ ಕಥೆಯೊಂದು ತೆರೆದುಕೊಳ್ಳುತ್ತದೆ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ಅದು ಹಡಗುಗಳ ಊರು. ಅಮೆರಿಕದ ಹತ್ತಿ, ವೆಸ್ಟ್ ಇಂಡೀಸಿನ ಸಕ್ಕರೆ ಅಲ್ಲಿಗೆ ಬಂದು ಇಳಿಯುತ್ತಿದ್ದವು. ಇಂಗ್ಲೆಂಡಿನ ಬಟ್ಟೆ ಅಲ್ಲಿಂದ ದೇಶದೇಶಗಳಿಗೆ ಹೊರಡುತ್ತಿತ್ತು. ಟೇಲರನ ತಂದೆಯೂ ಅಲ್ಲಿನ ವರ್ತಕರಲ್ಲೊಬ್ಬ. ದೂರದೇಶದ ವ್ಯಾಪಾರವೆಲ್ಲ ಆಗ ನಂಬಿಕೆಯ ಮೇಲೆ ನಡೆಯುತ್ತಿತ್ತು. ಸರಕು ಹಡಗೇರಿದಾಗ ಹುಂಡಿ ಬರೆಯುತ್ತಿದ್ದರು. ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಎಲ್ಲಿಯೋ ಒಂದು ಕಡೆ ಬೆಲೆ ಕುಸಿದರೆ, ಇಲ್ಲವೆ ಕೊಡಬೇಕಾದವನು ಕೈಯೆತ್ತಿದರೆ, ಅವನನ್ನು ನಂಬಿದವರೆಲ್ಲ ಒಬ್ಬರ ಹಿಂದೆ ಒಬ್ಬರು ಬೀಳುತ್ತಿದ್ದರು. ಟೇಲರ್ ಇನ್ನೂ ಶಾಲೆಯಲ್ಲಿ ಓದುತ್ತಿದ್ದಾಗಲೇ ತಂದೆಯ ವ್ಯಾಪಾರ ಮುಳುಗಿತು. ಹುಡುಗನ ಓದು ಅಲ್ಲಿಗೇ ನಿಂತಿತು. ಆಟವಾಡುವ ವಯಸ್ಸಿನಲ್ಲಿ ಅವನು ವರ್ತಕನೊಬ್ಬನ ಕಚೇರಿಯಲ್ಲಿ ಗುಮಾಸ್ತನಾಗಿ ಲೆಕ್ಕದ ಪುಸ್ತಕ ಹಿಡಿಯಬೇಕಾಯಿತು.

ಈ ಸಮಯದಲ್ಲಿ ಮುಂಬಯಿಯ ಬ್ಯಾಕ್ಸ್ಟರ್ ಎಂಬ ವರ್ತಕನಿಂದ ಒಂದು ಅವಕಾಶ ಒದಗಿತು. ಹುಡುಗನನ್ನು ತನ್ನ ಅಂಗಡಿಯಲ್ಲಿ ಸೇರಿಸಿಕೊಂಡು, ವಯಸ್ಸಿಗೆ ಬಂದ ಮೇಲೆ ಪಾಲುದಾರನನ್ನಾಗಿ ಮಾಡಿಕೊಳ್ಳುವುದಾಗಿ ಅವನು ಮಾತು ಕೊಟ್ಟಿದ್ದನು. ಮನೆಯವರು ಆ ಮಾತನ್ನು ನಂಬಿದರು. ಹದಿನೈದು ವರ್ಷದ ಬಾಲಕ ಹಡಗು ಹತ್ತಿದನು. ತಿಂಗಳುಗಟ್ಟಲೆ ಸಮುದ್ರದ ಮೇಲೆ ತೇಲಿ 1824ರಲ್ಲಿ ಮುಂಬಯಿಗೆ ಬಂದು ಇಳಿದಾಗ ಅವನಿಗೆ ಕಂಡದ್ದು ಬೇರೆಯೇ. ಬ್ಯಾಕ್ಸ್ಟರನ ವ್ಯವಹಾರವೂ ಸಾಲದಲ್ಲಿ ತೊಳಲಾಡುತ್ತಿತ್ತು. ಪಾಲುದಾರಿಕೆಯ ಮಾತು ಕನಸಾಗಿ ಉಳಿಯಿತು. ಲಿವರ್‌ಪೂಲಿನಲ್ಲಿ ಮುಳುಗಿದ ಮನೆಯಿಂದ ಹೊರಟು, ಮುಂಬಯಿಯಲ್ಲಿ ಮುಳುಗುತ್ತಿದ್ದ ಮತ್ತೊಂದು ಮನೆಗೆ ಅವನು ಬಂದಿದ್ದನು. ಪರಿಚಿತರಿಲ್ಲದ ದೇಶ, ಕೈಯಲ್ಲಿ ಕಾಸಿಲ್ಲ, ಹಿಂದಿರುಗಲು ದಾರಿಯಿಲ್ಲ. ಅದೃಷ್ಟವಶಾತ್ ಅವನ ಬಂಧುವೊಬ್ಬನು ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದನು. ಅವನ ನೆರವಿನಿಂದ ಅದೇ ವರ್ಷದ ಕೊನೆಯಲ್ಲಿ ಟೇಲರನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಕೆಲಸ ದೊರೆಯಿತು.

ಅರ್ಧಕ್ಕೆ ನಿಂತ ವಿದ್ಯೆಯ ಕೊರತೆಯನ್ನು ಟೇಲರ್ ತನ್ನ ಪರಿಶ್ರಮದಿಂದ ತುಂಬಿಕೊಂಡನು. ಹಿಂದೂಸ್ತಾನಿ, ಪಾರ್ಸಿ, ಮರಾಠಿ ಭಾಷೆಗಳನ್ನು ಕಲಿತನು. ಭೂಮಾಪನ, ಕಟ್ಟಡ ವಿದ್ಯೆ, ಕಾನೂನು, ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರಗಳನ್ನು ಗುರುವಿಲ್ಲದೆಯೇ ಪುಸ್ತಕಗಳಿಂದ ಅಭ್ಯಾಸ ಮಾಡಿದನು. ಸೈನಿಕನ ಕೆಲಸದ ಜೊತೆಗೆ ಸಂತೆ, ಪೇಟೆ, ಹಳ್ಳಿಗಳಲ್ಲಿ ಓಡಾಡಿ ಜನರ ನಡೆನುಡಿಗಳನ್ನು ತಿಳಿದುಕೊಂಡನು. ಮುಂದೆ ಅವನಿಗೆ ಕೀರ್ತಿ ತಂದದ್ದು ಈ ತಿಳಿವಳಿಕೆಯೇ. ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ಜೀವನವನ್ನು ಕುರಿತು ಅವನು ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ವಿಕ್ಟೋರಿಯಾ ರಾಣಿಯೂ ಅದನ್ನು ಆಸಕ್ತಿಯಿಂದ ಓದಿದಳು. 1840ರಿಂದ ಹಲವು ವರ್ಷ ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಭಾರತದ ಸುದ್ದಿಗಳನ್ನು ಬರೆದು ಕಳುಹಿಸುತ್ತಿದ್ದನು.

ಟೇಲರ್ ಇಂಗ್ಲೆಂಡನ್ನು ಬಿಟ್ಟ ಮರುವರ್ಷವೇ, 1825ರಲ್ಲಿ, ಲಂಡನ್ನಿನಲ್ಲಿ ದೊಡ್ಡದೊಂದು ಆರ್ಥಿಕ ಬಿಕ್ಕಟ್ಟು ತಲೆದೋರಿತು. ದಕ್ಷಿಣ ಅಮೆರಿಕದಲ್ಲಿ ಆಗತಾನೆ ಸ್ವತಂತ್ರವಾದ ದೇಶಗಳಿಗೆ ಕೊಟ್ಟ ಸಾಲಗಳಲ್ಲಿಯೂ, ಅಲ್ಲಿನ ಗಣಿಗಳ ಷೇರುಗಳಲ್ಲಿಯೂ ಆಂಗ್ಲರು ಯೋಚಿಸದೆ ಹಣ ತೊಡಗಿಸಿದ್ದರು. ಲಾಭ ಬರದೆಂದು ಅರಿವಾದೊಡನೆ ಎಲ್ಲರೂ ಒಟ್ಟಿಗೇ ತಮ್ಮ ಹಣವನ್ನು ಹಿಂದಕ್ಕೆ ಕೇಳಿದರು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಹತ್ತಾರು ಬ್ಯಾಂಕುಗಳು ಬಾಗಿಲು ಮುಚ್ಚಿದವು. ಭಾರತವೂ ಇಂತಹ ಏರಿಳಿತಗಳಿಂದ ದೂರ ಉಳಿಯಲಿಲ್ಲ. ಕಲ್ಕತ್ತೆಯಲ್ಲಿ ನೀಲಿಯ ವ್ಯಾಪಾರವನ್ನು ನೆಚ್ಚಿ ಬೆಳೆದಿದ್ದ ದೊಡ್ಡ ದೊಡ್ಡ ವ್ಯಾಪಾರ ಸಂಸ್ಥೆಗಳು 1830ರಿಂದ 1834ರ ಒಳಗೆ ಸಾಲಾಗಿ ಉರುಳಿದವು. ಅವುಗಳಲ್ಲಿ ಮೊದಲು ಬಿದ್ದದ್ದು ಜಾನ್ ಪಾಮರ್ ಎಂಬವನ ಸಂಸ್ಥೆ.

ಈ ಜಾನ್ ಪಾಮರನ ಮಲತಮ್ಮನೇ ಹೈದರಾಬಾದಿನ ವಿಲಿಯಂ ಪಾಮರ್. ಅವನ ತಂದೆ ಆಂಗ್ಲ ಸೇನಾಧಿಕಾರಿ, ತಾಯಿ ಮೊಗಲ ಮನೆತನದ ಬೇಗಂ. ವಿಲಿಯಂ ಪಾಮರನ ಕೋಠಿ ನಿಜಾಮ ಸರ್ಕಾರಕ್ಕೆ ಲಕ್ಷ ಲಕ್ಷ ರೂಪಾಯಿ ಸಾಲ ಕೊಡುತ್ತಿತ್ತು. ವರ್ಷಕ್ಕೆ ನೂರಕ್ಕೆ 25ರವರೆಗೂ ಬಡ್ಡಿ ಪಡೆಯುತ್ತಿತ್ತು. ಸಾಲ ತೀರಿಸಲು ದಾರಿ ಕಾಣದೆ ನಿಜಾಮನು 1823ರಲ್ಲಿ ಒಂದು ಒಪ್ಪಂದಕ್ಕೆ ಬಂದನು. ಉತ್ತರ ಸರ್ಕಾರುಗಳೆಂಬ ಕರಾವಳಿ ಪ್ರಾಂತಗಳಿಗಾಗಿ ಈಸ್ಟ್ ಇಂಡಿಯಾ ಕಂಪನಿಯು ಅವನಿಗೆ ಪ್ರತಿವರ್ಷ 7 ಲಕ್ಷ ರೂಪಾಯಿ ಕಪ್ಪ ಕೊಡುತ್ತಿತ್ತು. 1 ಕೋಟಿ 16 ಲಕ್ಷಕ್ಕೂ ಹೆಚ್ಚಿನ ಇಡಿಗಂಟನ್ನು ಪಡೆದು, ನಿಜಾಮನು ಆ ಕಪ್ಪದ ಹಕ್ಕನ್ನು ಎಂದೆಂದಿಗೂ ಬಿಟ್ಟುಕೊಟ್ಟನು. ಗಂಟು ಸಾಲಕ್ಕೆ ಸಂದಾಯವಾಯಿತು. ಶಾಶ್ವತ ವರಮಾನ ಕೈಬಿಟ್ಟಿತು. ಇಷ್ಟಾದರೂ ಪಾಮರನ ಕೋಠಿ ಉಳಿಯಲಿಲ್ಲ. 1824ರಲ್ಲಿ ಅದೂ ದಿವಾಳಿಯಾಯಿತು. ಟೇಲರ್ 1832ರಲ್ಲಿ ಮದುವೆಯಾದದ್ದು ಈ ವಿಲಿಯಂ ಪಾಮರನ ಮಗಳಾದ ಮೇರಿಯನ್ನು. ಹೀಗೆ ತವರಿನಲ್ಲಿ ತಂದೆಯ ಪತನವನ್ನು ಕಂಡವನು, ಇಲ್ಲಿ ಮಾವನ ಮನೆಯಲ್ಲಿಯೂ ಪತನದ ಕಥೆಯನ್ನೇ ಕೇಳಿದನು. ಸಾಲದ ಸ್ವಭಾವವನ್ನು ಅವನಷ್ಟು ಹತ್ತಿರದಿಂದ ಕಂಡ ಅಧಿಕಾರಿಗಳು ಆ ಕಾಲದಲ್ಲಿ ವಿರಳ.

ಸುರಪುರವು ನಿಜಾಮನಿಗೆ ಕಪ್ಪ ಸಲ್ಲಿಸುವ ಸಂಸ್ಥಾನವಾಗಿತ್ತು. ತಲೆಯ ಮೇಲೆ ಸಾಲ ಹೊತ್ತ ಅರಸನು ತನ್ನ ಕೈಕೆಳಗಿನವರ ಕಡೆಗೇ ನೋಡುವುದು ಸಹಜ. 1828ರಲ್ಲಿ ಕೃಷ್ಣಪ್ಪ ನಾಯಕನು ಪಟ್ಟಕ್ಕೆ ಬಂದಾಗ ನಿಜಾಮ ಸರ್ಕಾರವು ಅವನಿಂದ 15 ಲಕ್ಷ ರೂಪಾಯಿ ನಜರಾಣೆಯನ್ನು ಕೇಳಿತು. ಮಳೆಯನ್ನೇ ನಂಬಿದ ಆ ಪುಟ್ಟ ಸಂಸ್ಥಾನಕ್ಕೆ ಅದು ಹೊರಲಾರದ ಹೊರೆ. ಬಾಕಿ ಬೆಳೆಯಿತು, ಬಾಕಿಯ ಬೆನ್ನಿಗೆ ಸಾಲ ಬೆಳೆಯಿತು. 1841ರಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪ ನಾಯಕನಿಗೆ ಏಳೆಂಟು ವರ್ಷ. ರಾಜ್ಯವನ್ನು ಯಾರು ನೋಡಿಕೊಳ್ಳಬೇಕೆಂಬ ವಿಷಯದಲ್ಲಿ ರಾಣಿ ಈಶ್ವರಮ್ಮನಿಗೂ ಅರಸನ ತಮ್ಮನಾದ ಪಿಡ್ಡ ನಾಯಕನಿಗೂ ವಿರಸ ಹುಟ್ಟಿತು. ಈ ವಿರಸವನ್ನು ಬಗೆಹರಿಸಲು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನು ಟೇಲರನನ್ನು ಸುರಪುರಕ್ಕೆ ಕಳುಹಿಸಿದನು.

ರಾಣಿ ಈಶ್ವರಮ್ಮ ಸಾಮಾನ್ಯಳಲ್ಲ. ಪರಕೀಯನಿಗೆ ತಲೆಬಾಗುವ ಇಚ್ಛೆ ಅವಳಿಗಾಗಲಿ, ಶಸ್ತ್ರಧಾರಿಗಳಾದ ಅವಳ ಬೇಡ ಪಡೆಗಾಗಲಿ ಇರಲಿಲ್ಲ. ಬೆಟ್ಟಗಳಿಂದ ಸುತ್ತುವರಿದ ಆ ಊರಿನಲ್ಲಿ ಒಂದು ಗುಂಡು ಹಾರಿದ್ದರೂ ನೆತ್ತರು ಹರಿಯುತ್ತಿತ್ತು. ಟೇಲರ್ ತಾಳ್ಮೆಯಿಂದ ಮಾತುಕತೆ ನಡೆಸಿ, ರಕ್ತಪಾತವಿಲ್ಲದೆ ವ್ಯವಸ್ಥೆಯನ್ನು ನೆಲೆಗೊಳಿಸಿದನು. ಕೆಲಕಾಲದ ಅನಂತರ ಆಡಳಿತದ ಹೊಣೆಯೆಲ್ಲ ಅವನ ಮೇಲೆಯೇ ಬಿದ್ದಿತು. 1853ರವರೆಗೂ, ಬಾಲ ಅರಸನ ಹೆಸರಿನಲ್ಲಿ, ಅವನು ಆ ಸಂಸ್ಥಾನವನ್ನು ನೋಡಿಕೊಂಡನು.

ಅಧಿಕಾರ ವಹಿಸಿಕೊಂಡಾಗ ಬೊಕ್ಕಸ ಬರಿದಾಗಿತ್ತು. ಸಾಲದಲ್ಲಿ ಸಿಕ್ಕಿದ ಸಂಸ್ಥಾನದ ಪಾಡು ಹೇಗಿರುತ್ತದೆಂಬುದನ್ನು ಇಲ್ಲಿ ತಿಳಿಯಬೇಕು. ಅರಸನಿಗೆ ತುರ್ತಾಗಿ ಹಣ ಬೇಕು. ಸಾಹುಕಾರನು ಕೊಡುತ್ತಾನೆ, ಅದಕ್ಕೆ ಪ್ರತಿಯಾಗಿ ಹಳ್ಳಿಗಳ ಕಂದಾಯವನ್ನು ಬರೆಸಿಕೊಳ್ಳುತ್ತಾನೆ. ಕೊಟ್ಟ ಹಣ ಬೇಗ ಹಿಂದಿರುಗಲೆಂದು ವಸೂಲಿಗಾರನು ರೈತನನ್ನು ಹಿಂಡುತ್ತಾನೆ. ಬೆಳೆ ಬರುವ ಮೊದಲೇ ಕಂದಾಯ ಕೇಳಿದರೆ ರೈತನು ಎತ್ತು ಮಾರುತ್ತಾನೆ. ಎತ್ತಿಲ್ಲದ ಮೇಲೆ ಹೊಲ ಬೀಳು ಬೀಳುತ್ತದೆ. ಕೊನೆಗೆ ಅವನು ಊರನ್ನೇ ಬಿಟ್ಟು ಹೋಗುತ್ತಾನೆ. ಮರುವರ್ಷ ಕಂದಾಯ ಇನ್ನೂ ಇಳಿಯುತ್ತದೆ, ಅರಸನು ಇನ್ನೂ ಹೆಚ್ಚು ಸಾಲ ಮಾಡುತ್ತಾನೆ. ದರಬಾರಿನಲ್ಲಿ ಮಾಡಿದ ಸಾಲವನ್ನು ಕಡೆಗೆ ತೀರಿಸುವವನು ಅದರ ಪತ್ರವನ್ನು ಎಂದೂ ಕಣ್ಣಿಂದ ನೋಡದ ಒಕ್ಕಲಿಗ.

ಟೇಲರ್ ಇದರ ಬುಡಕ್ಕೇ ಕೈಹಾಕಿದನು. ಮೊದಲು ಲೆಕ್ಕಪತ್ರಗಳನ್ನು ತರಿಸಿ ಪರಿಶೀಲಿಸಿದನು. ಲಿವರ್‌ಪೂಲಿನ ಗುಮಾಸ್ತಗಿರಿಯಲ್ಲಿ ಬಾಲ್ಯದಲ್ಲಿಯೇ ಕಲಿತ ವಿದ್ಯೆ ಇಲ್ಲಿ ಅವನ ನೆರವಿಗೆ ಬಂದಿರಬೇಕು. ಯಾವ ಸಾಲ ನಿಜವಾದುದು, ಎಷ್ಟು ಸಂದಿದೆ, ಎಷ್ಟು ಉಳಿದಿದೆ ಎಂಬುದು ಗೊತ್ತಾಗದೆ ಯಾವ ಋಣವೂ ತೀರುವುದಿಲ್ಲ. ಅನಂತರ ವೆಚ್ಚವನ್ನು ವರಮಾನದ ಮಿತಿಯೊಳಗೆ ತಂದನು. ಹೊಲಗಳನ್ನು ಅಳತೆ ಮಾಡಿಸಿ, ನೆಲದ ಗುಣಕ್ಕೆ ತಕ್ಕಂತೆ ಕಂದಾಯ ಗೊತ್ತುಪಡಿಸಲು ಯತ್ನಿಸಿದನು. ಕೊಡಬೇಕಾದುದು ಎಷ್ಟೆಂದು ಮೊದಲೇ ತಿಳಿದಿದ್ದರೆ ರೈತನು ಧೈರ್ಯದಿಂದ ನೇಗಿಲು ಹೂಡುತ್ತಾನೆಂಬುದು ಅವನ ನಂಬಿಕೆಯಾಗಿತ್ತು. ಆ ನಂಬಿಕೆ ಸುಳ್ಳಾಗಲಿಲ್ಲ. ಕಂದಾಯ ಕ್ರಮವಾಗಿ ಬರತೊಡಗಿತು, ಸಾಲದ ಹೊರೆ ವರ್ಷದಿಂದ ವರ್ಷಕ್ಕೆ ಇಳಿಯಿತು.

ಹಣವನ್ನು ಉಳಿಸಿ ಪೆಟ್ಟಿಗೆಯಲ್ಲಿಡುವುದಷ್ಟೇ ಅವನ ಗುರಿಯಾಗಿರಲಿಲ್ಲ. ಬೆಳೆಯನ್ನು ಸಂತೆಗೆ ಸಾಗಿಸಲು ರಸ್ತೆಗಳನ್ನು ಮಾಡಿಸಿದನು. ಸುರಪುರದ ಸಮೀಪದ ಬೋನಾಳದಲ್ಲಿ ನಾಯಕ ಅರಸರ ಕಾಲದ ಕೆರೆಯೊಂದಿತ್ತು. ಅದನ್ನು ದುರಸ್ತಿ ಮಾಡಿಸಿ ವಿಸ್ತರಿಸಿದನು. ಮಳೆ ಕೈಕೊಟ್ಟ ವರ್ಷ ಕೆರೆಯ ನೀರು ಹೊಲವನ್ನು ಉಳಿಸಿದರೆ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿಲ್ಲ. ಕೆಲಸದ ನಡುವೆ ಬಿಡುವು ದೊರೆತಾಗ ಅವನು ಸುತ್ತಲಿನ ಬಯಲುಗಳಲ್ಲಿ ಅಲೆದನು. ರಾಜನ ಕೋಳೂರಿನ ಕಲ್ಗೋರಿಗಳನ್ನೂ, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿರುವ ಗುಂಡುಗಳನ್ನೂ ಪರಿಶೀಲಿಸಿ, ಅವು ಬಹು ಪ್ರಾಚೀನ ಜನರ ಕುರುಹುಗಳೆಂದು ವಿದ್ವಾಂಸರ ಗಮನಕ್ಕೆ ತಂದನು. ಈ ಭಾಗದ ಬೃಹತ್ ಶಿಲಾಯುಗದ ಸಂಶೋಧನೆಗೆ ಅವನೇ ಮೊದಲಿಗನೆಂದು ಪುರಾತತ್ತ್ವಜ್ಞರು ಇಂದಿಗೂ ಸ್ಮರಿಸುತ್ತಾರೆ.

ಬಾಲ ಅರಸ ವೆಂಕಟಪ್ಪ ನಾಯಕನು ಟೇಲರನ ಕಣ್ಣೆದುರಿನಲ್ಲಿಯೇ ಬೆಳೆದನು. ಅವನ ವಿದ್ಯಾಭ್ಯಾಸದ ಹೊಣೆಯನ್ನೂ ಟೇಲರನೇ ಹೊತ್ತನು. ತಂದೆಯನ್ನು ಕಳೆದುಕೊಂಡಿದ್ದ ಆ ಹುಡುಗ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದನು. ಟೇಲರನೂ ದುಃಖದಿಂದ ದೂರವಾಗಿರಲಿಲ್ಲ. ಸುರಪುರದ ಆ ದಿನಗಳಲ್ಲಿಯೇ ಅವನು ಪತ್ನಿ ಮೇರಿಯನ್ನು ಕಳೆದುಕೊಂಡಿದ್ದನು. ಸಂಸ್ಥಾನವನ್ನು ಸಾಲದಿಂದ ಬಿಡಿಸಿ, ಅರಸನು ವಯಸ್ಸಿಗೆ ಬಂದಾಗ ಅವನ ಕೈಗೆ ಒಪ್ಪಿಸಬೇಕೆಂಬುದೇ ಆಗ ಅವನ ಜೀವನದ ಧ್ಯೇಯವಾಯಿತು. 1853ರಲ್ಲಿ ಆ ದಿನ ಬಂದಿತು. ಟೇಲರ್ ಲೆಕ್ಕ ಒಪ್ಪಿಸಿ ಸುರಪುರದಿಂದ ಹೊರಟನು.

ಅದೇ 1853ರಲ್ಲಿ ಹೈದರಾಬಾದಿನಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ಆಂಗ್ಲ ಅಧಿಕಾರಿಗಳ ಕೈಕೆಳಗೆ ಕಂಟಿಂಜೆಂಟ್ ಎಂಬ ಸೈನ್ಯವೊಂದಿತ್ತು. ಅದರ ಮೇಲೆ ಅಧಿಕಾರ ಕಂಪನಿಯದು. ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿಗಳ ಖರ್ಚು ನಿಜಾಮನದು. ನಿಜಾಮನು ಕೊಡಲಾಗದೆ ಹೋದಾಗ ಕಂಪನಿಯೇ ಸಂಬಳ ಹಂಚಿ, ಆ ಹಣವನ್ನು ಅವನ ಹೆಸರಿನಲ್ಲಿ ಸಾಲವೆಂದು ಬರೆದುಕೊಂಡಿತು. ಬಾಕಿ 40 ಲಕ್ಷವನ್ನು ಮೀರಿದಾಗ, ಆ ವರ್ಷದ ಮೇ ತಿಂಗಳ ಒಪ್ಪಂದದಂತೆ ವರಾಡ, ನಳದುರ್ಗ ಮತ್ತು ರಾಯಚೂರು ದೋ‌ಆಬ್ ಪ್ರಾಂತಗಳ ಆಡಳಿತವನ್ನು ಬಿಡಿಸಿಕೊಂಡಿತು. ತಾನು ಕೇಳದ ಸೈನ್ಯಕ್ಕಾಗಿ ಅರಸನು ಫಲವತ್ತಾದ ನಾಡುಗಳನ್ನು ತೆತ್ತನು. ಟೇಲರ್ ತಾರುಣ್ಯದಲ್ಲಿ ಸಂಬಳ ಪಡೆದದ್ದೂ ಇಂತಹ ಸೈನ್ಯದಿಂದಲೇ; ಈಗ ಅವನನ್ನು ನೇಮಿಸಿದ್ದೂ ಹೀಗೆ ಬಂದ ನಳದುರ್ಗದ ಆಡಳಿತಕ್ಕೇ. ಸುರಪುರದ ರೈತನನ್ನು ಸಾಲದ ಸುಳಿಯಿಂದ ಎತ್ತಿದವನು, ಸಾಲದ ಹೆಸರಿನಲ್ಲಿ ನಾಡುಗಳನ್ನು ನುಂಗುತ್ತಿದ್ದ ಒಂದು ಶಕ್ತಿಯ ಸೇವಕನೂ ಆಗಿದ್ದನೆಂಬುದನ್ನು ಮರೆಯಲಾಗದು.

1857ರಲ್ಲಿ ದೇಶದಲ್ಲಿ ಸ್ವಾತಂತ್ರ್ಯದ ಹೋರಾಟ ಭುಗಿಲೆದ್ದಿತು. ಆಗ ಟೇಲರ್ ವರಾಡದ ಬುಲ್ಡಾಣಾದಲ್ಲಿದ್ದನು. ಸೈನ್ಯದ ಬೆಂಬಲವಿಲ್ಲದೆ, ಜನರ ವಿಶ್ವಾಸವನ್ನೇ ನೆಚ್ಚಿ ಅಲ್ಲಿ ಶಾಂತಿಯನ್ನು ಕಾಪಾಡಿದನು. ಆದರೆ ಅವನು ಬೆಳೆಸಿದ ಹುಡುಗನ ದಾರಿ ಬೇರೆಯಾಯಿತು. 1858ರ ಫೆಬ್ರವರಿಯಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಆಯುಧ ಹಿಡಿದನು. ಬ್ರಿಟಿಷರ ಪಡೆಗಳು ಸುರಪುರವನ್ನು ಆಕ್ರಮಿಸಿದವು. ಅರಸನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು.

ಆ ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡನು. ಹಿಂದೆ ಅಪ್ಪ ಎಂದು ಕರೆದವನನ್ನು ಕಂಡೊಡನೆ ತರುಣನು ಓಡಿಬಂದು ತಬ್ಬಿಕೊಂಡು ಕಣ್ಣೀರಿಟ್ಟನು. ಜೊತೆಗಾರರ ಹೆಸರುಗಳನ್ನು ಹೇಳಿದರೆ ಶಿಕ್ಷೆ ಹಗುರವಾಗುವ ಅವಕಾಶವಿತ್ತು. ಅರಸನು ಅದಕ್ಕೆ ಒಪ್ಪಲಿಲ್ಲ. ಪ್ರಾಣಕ್ಕಾಗಿ ತನ್ನವರನ್ನು ಒಪ್ಪಿಸಲಾರದ ಆ ಸ್ಥೈರ್ಯವನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮರಣದಂಡನೆಯನ್ನು ಇಳಿಸಿ, ಕಡೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ತರಲಾಯಿತು. ಚೆಂಗಲ್ಪಟ್ಟಿನ ಕೋಟೆಗೆ ಸಾಗಿಸುವ ದಾರಿಯಲ್ಲಿಯೇ ವೆಂಕಟಪ್ಪ ನಾಯಕನು ಗುಂಡೇಟಿನಿಂದ ಮೃತನಾದನು. ತನ್ನ ಕೈಯಿಂದಲೇ ಸತ್ತನೆಂದು ಸರ್ಕಾರ ಹೇಳಿತು; ಅವನನ್ನು ಕೊಂದರೆಂದು ನಾಡಿನ ಜನ ನಂಬಿದರು. ಟೇಲರನ ಮನಸ್ಸಿಗೆ ಆ ಸಾವು ಆರದ ಗಾಯವಾಯಿತು.

ಅರಸನಿಲ್ಲದ ಸುರಪುರಕ್ಕೆ ಟೇಲರ್ ಮತ್ತೆ ಅಧಿಕಾರಿಯಾಗಿ ಬಂದನು. ಆದರೆ 1860ರ ವೇಳೆಗೆ ಅವನ ಆರೋಗ್ಯ ಕೆಟ್ಟಿತು. ಅವನು ಇಂಗ್ಲೆಂಡಿಗೆ ಹಿಂದಿರುಗಿದನು. ಆ ವರ್ಷವೇ ಬ್ರಿಟಿಷ್ ಸರ್ಕಾರವು ನಿಜಾಮನ ನಿಷ್ಠೆಗೆ ಮೆಚ್ಚುಗೆಯಾಗಿ ಅವನ 50 ಲಕ್ಷ ರೂಪಾಯಿ ಸಾಲವನ್ನು ಮನ್ನಾ ಮಾಡಿತು. ನಳದುರ್ಗ ಮತ್ತು ರಾಯಚೂರು ದೋ‌ಆಬ್ ಪ್ರಾಂತಗಳನ್ನು ಹಿಂದಕ್ಕೆ ಕೊಟ್ಟಿತು. ಅದೇ ಒಪ್ಪಂದದಲ್ಲಿ ಸುರಪುರವನ್ನೂ ಅವನಿಗೆ ಒಪ್ಪಿಸಿತು. ಹನ್ನೆರಡು ವರ್ಷ ಒಂದೊಂದು ರೂಪಾಯಿಯ ಲೆಕ್ಕವಿಟ್ಟು ಸಾಲದಿಂದ ಮೇಲೆತ್ತಿದ ಸಂಸ್ಥಾನ, ದೊಡ್ಡವರ ಲೆಕ್ಕದಲ್ಲಿ ಒಂದು ಸಾಲಾಗಿ ಬರೆಯಲ್ಪಟ್ಟು ಕಣ್ಮರೆಯಾಯಿತು.

ಮುಂದಿನ ವರ್ಷಗಳಲ್ಲಿ ಟೇಲರ್ ಭಾರತದ ಇತಿಹಾಸವನ್ನೂ, ತಾರಾ, ಸೀತಾ ಮೊದಲಾದ ಕಾದಂಬರಿಗಳನ್ನೂ ಬರೆದನು. ವಿಜಾಪುರದ ಚಾಂದಬೀಬಿಯನ್ನು ಕುರಿತ ಕಾದಂಬರಿ ಅವನ ಮರಣಾನಂತರ ಪ್ರಕಟವಾಯಿತು. ಕೊನೆಗಾಲದಲ್ಲಿ ಅವನ ದೃಷ್ಟಿ ಮಂದವಾಯಿತು. ಹೀಗಿದ್ದರೂ ದಖನ್ನಿನ ನೆಲವನ್ನು ಇನ್ನೊಮ್ಮೆ ನೋಡುವ ಹಂಬಲದಿಂದ 1875ರಲ್ಲಿ ಭಾರತಕ್ಕೆ ಬಂದನು. ತಾಯ್ನಾಡಿಗೆ ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟೋನ್ ಎಂಬಲ್ಲಿ ತೀರಿಕೊಂಡನು.

ಮೆಡೋಸ್ ಟೇಲರನ ಜೀವನವು ನಮಗೆ ಎರಡು ಸಂಗತಿಗಳನ್ನು ತಿಳಿಸುತ್ತದೆ. ಲಿವರ್‌ಪೂಲಿನ ಅಂಗಡಿ, ಹೈದರಾಬಾದಿನ ಕೋಠಿ, ಸುರಪುರದ ಹೊಲ ಇವು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಕಂಡರೂ, ಸಾಲದ ಎಳೆ ಅವುಗಳನ್ನು ಇನ್ನೂರು ವರ್ಷಗಳ ಹಿಂದೆಯೇ ಒಟ್ಟಿಗೆ ಹೆಣೆದಿತ್ತು. ಪ್ರಾಮಾಣಿಕವಾದ ಲೆಕ್ಕ, ಮಿತವಾದ ವೆಚ್ಚ, ರೈತನಿಗೆ ಭರವಸೆ ಇವುಗಳಿಂದ ಮುಳುಗಿದ ಸಂಸ್ಥಾನವನ್ನೂ ಮೇಲೆತ್ತಬಹುದೆಂದು ಅವನು ತೋರಿಸಿದನು. ಆದರೆ ಸಾಲ ತೀರಿದ ಮಾತ್ರಕ್ಕೆ ನಾಡು ಸ್ವತಂತ್ರವಾಗುವುದಿಲ್ಲವೆಂಬುದನ್ನು ವೆಂಕಟಪ್ಪ ನಾಯಕನ ಬದುಕು ತೋರಿಸಿತು. ಒಬ್ಬನ ದಕ್ಷತೆಯನ್ನೂ ಇನ್ನೊಬ್ಬನ ಸ್ವಾಭಿಮಾನವನ್ನೂ ಒಟ್ಟಿಗೆ ನೆನೆದಾಗಲೇ ಸುರಪುರದ ಇತಿಹಾಸ ಪೂರ್ಣವಾಗುತ್ತದೆ.

ಟೇಲರನನ್ನು ಸುರಪುರಕ್ಕೆ ಕರೆತಂದ ಸಾಲಪತ್ರಗಳು ಈಗ ಯಾರಿಗೂ ಬೇಕಿಲ್ಲ. ಬೋನಾಳದ ಕೆರೆ ಇನ್ನೂ ಇದೆ. ಅದು ಇಂದು ಪಕ್ಷಿಧಾಮವಾಗಿದೆ. ಚಳಿಗಾಲ ಬಂದೊಡನೆ ದೂರದೇಶದ ಹಕ್ಕಿಗಳು ಅದರ ನೀರನ್ನು ಹುಡುಕಿಕೊಂಡು ಬರುತ್ತವೆ.